ಹೀಲಿಯಂ ಹನಿಗೆ ಹಚ್ಚದ ಕರ್ಪೂರ

ಹೀಲಿಯಂ ಹನಿಗೆ ಎಲೆಕ್ಟ್ರಾನ್ ಹೊಡೆದರೆ ಅಯಾನು ಹೇಗೆ ಹುಟ್ಟುತ್ತೆ ಅಂತ ಪ್ರಪಂಚಕ್ಕೆ ಮೊದಲು ತೋರಿಸಿಕೊಟ್ಟವನು ನಾನೇ. ಸುಳ್ಳು. ಜಿಗಣಿಯ ಒಂದು ಶೆಡ್ಡಿನಲ್ಲಿ ಆ ಮೆಷೀನಿನ ಬೋಲ್ಟು ಬಿಗಿಯುವ ಫಿಟ್ಟರು ನಾನು. ಆದರೂ ಬೋಲ್ಟು ಬಿಗಿಯುವವನ ಸುತ್ತಲೇ ಯಾಕೋ ಇಂಥವು ನಡೀತಾ ಇರುತ್ತವೆ.

೧. ಅತಿಥಿಯ ಪಾಡು

ಮೆಷೀನು ನಮ್ಮ ವಿಜ್ಞಾನಿ ಮೇಡಂದು. ದಸರಾ ರಜೆ ಮುಗಿದ ದಿನ ದೊಡ್ಡ ಸಾರ್ ನೋಡೋಕೆ ಬರೋರಿದ್ದರು. ಕೆಲಸ ಮಾಡಿ ತೋರಿಸದಿದ್ದರೆ ಮೆಷೀನು ಮಾದನಾಯಕನಹಳ್ಳಿಯ ಗೋಡೌನಿಗೆ. ಉಳಿದಿದ್ದದ್ದು ಒಂದೇ ಸಿಲಿಂಡರ್ ಹೀಲಿಯಂ.

ಹೊರಗೆ ಬೊಮ್ಮಸಂದ್ರದ ಶಿಫ್ಟ್ ಬಸ್ಸುಗಳ ಹಾರ್ನು. ಒಳಗೆ ಈ ಉಕ್ಕಿನ ಡಬ್ಬಿಯಲ್ಲಿ, ನಕ್ಷತ್ರಗಳ ನಡುವಿನ ಬಯಲಿಗಿಂತ ತಣ್ಣಗಿರುವ ಹನಿಗಳು ಸದ್ದಿಲ್ಲದೆ ತೇಲಿ ಹೋಗ್ತಿವೆ ಅಂತ ನೆನೆದರೆ, ಕೈಲಿದ್ದ ಸ್ಪ್ಯಾನರ್ ಕೂಡ ಹಗುರಾಗೋದು.

ಮೇಡಂ ಹೇಳಿಕೊಟ್ಟರು: "ಹನಿ ಹಾರ್ತಾ ದಾರೀಲಿ ಸಿಕ್ಕ ಒಂದು ಅಣುವನ್ನ ಒಳಗೆ ಕೂರಿಸ್ಕೊಳ್ಳುತ್ತೆ. ಅದು ಅತಿಥಿ. ಎಲೆಕ್ಟ್ರಾನ್ ಬಂದು ಹೊಡೆದಾಗ ಒಂದು ಹೀಲಿಯಂ ತನ್ನ ಎಲೆಕ್ಟ್ರಾನ್ ಕಳ್ಕೊಳ್ಳುತ್ತೆ. ಪಕ್ಕದವನಿಂದ ಕಿತ್ಕೊಳ್ಳುತ್ತೆ. ಅವನು ಅವನ ಪಕ್ಕದವನಿಂದ. ಕೊನೆಗೆ ಅತಿಥಿಯಿಂದ. ಅತಿಥಿಗೆ ವಾಪಸ್ ಕಿತ್ಕೊಳ್ಳೋ ಶಕ್ತಿ ಇಲ್ಲ. ಅವನೇ ಅಯಾನು."

"ನಮ್ಮ ಟೀ ಅಂಗಡಿ ಬಿಲ್ಲೂ ಹಾಗೇ ಮೇಡಂ. ಕೈಯಿಂದ ಕೈಗೆ ಹೋಗಿ ಹೊಸಬರ ಹತ್ರ ನಿಲ್ಲುತ್ತೆ."

"ಅದಕ್ಕೇನಾ ಅಣ್ಣ, ಮೊದಲನೇ ದಿನ ನಾನು ಹದಿನಾಲ್ಕು ಟೀಗೆ ದುಡ್ಡು ಕೊಟ್ಟಿದ್ದು?"

೨. ಸೋರಿಕೆ

ಪಕ್ಕದ ಆಫೀಸಿನ ಬೀಳ್ಕೊಡುಗೆಯಲ್ಲಿ ಉಳಿದ ಹೀಲಿಯಂ ಬಲೂನುಗಳನ್ನು ಒಂದೊಂದಾಗಿ ಹೀರಿ, ಗೇಟಿನ ಸೆಕ್ಯುರಿಟಿಯವರಿಗೆ ಇಲಿಯ ದನಿಯಲ್ಲಿ ಸುಪ್ರಭಾತ ಹಾಡಿ ಬಂದೆ. ಮೇಡಂ ಹೀಲಿಯಂ ಸೋರಿಕೆ ಮೂಸುವ ಯಂತ್ರ ಹಿಡಿದು ಪೈಪಿನ ಜಾಯಿಂಟು ನೋಡ್ತಿದ್ದರು. "ಎಲ್ಲಿ ಮೇಡಂ?" ಅಂತ ಬಗ್ಗಿದೆ. ಯಂತ್ರ ಕಿರುಚಿತು. ಬಿಚ್ಚಿದರು, ಬಿಗಿದರು. ಮುಂದಿನ ಜಾಯಿಂಟಿಗೆ ಬಗ್ಗಿದೆ. ಅಲ್ಲೂ ಕಿರುಚಿತು. ಹೀಗೆ ನಾಲ್ಕು. ಅಷ್ಟರಲ್ಲಿ ಸಿಲಿಂಡರು ಬಹುಪಾಲು ಆಕಾಶಕ್ಕೆ ಹೋಗಿ, ಒಂದೇ ಸಲ ಓಡಿಸುವಷ್ಟು ಉಳಿಯಿತು.

ಮೇಡಂ ಯಂತ್ರದ ಮೂತಿಯನ್ನು ನಿಧಾನಕ್ಕೆ ನನ್ನ ಬಾಯಿಯ ಮುಂದೆ ಹಿಡಿದರು. ಕೇಳಬೇಕಿತ್ತು ಆ ಕೂಗು.

"ಪೈಪು ಸರಿಯಾಗಿದೆ. ಸೋರ್ತಿರೋದು ನೀವು."

೩. ಆರತಿ

ತಪ್ಪು ನನ್ನದು. ದೇವರಿಗಲ್ಲದೆ ಇನ್ಯಾರಿಗೆ ಹೇಳಲಿ? ಆಯುಧಪೂಜೆ ಬಂತು. ಲೇತಿಗೂ ಡ್ರಿಲ್ಲಿಗೂ ಕುಂಕುಮ, ಚೆಂಡುಹೂವು, ಕರ್ಪೂರ. ಮೇಡಂ ಮಾತ್ರ, "ನನ್ನ ಮೆಷೀನಿಗೆ ಹೂವು ಸಾಕು. ಕರ್ಪೂರ ಹಚ್ಚಬೇಡಿ" ಅಂದರು.

ಸರಿ, ಹಚ್ಚಲಿಲ್ಲ. ಮುಚ್ಚಳ ಹಾಕುವಾಗ ಒಂದು ಚೂರು ಒಳಗಿಟ್ಟು ಬೋಲ್ಟು ಬಿಗಿದೆ.

ರಜೆ ಮುಗಿದು ದೊಡ್ಡ ಸಾರ್ ಬಂದರು. ಅತಿಥಿಯಾಗಲಿ ಅಂತ ಮೇಡಂ ಒಳಗಿಟ್ಟಿದ್ದ ಪುಡಿ ಬಿಸಿಯಾಗಿ, ಆವಿಯಾಗಿ, ಹನಿ ಹತ್ತಬೇಕು. ಅವತ್ತೇ ಹೀಟರಿನ ತಂತಿ ಕೈಕೊಟ್ಟಿತು. ಪರದೆಯ ಮೇಲೆ ಬರೀ ಹೀಲಿಯಂ ಗೆರೆಗಳು. ಸಿಲಿಂಡರಿನ ಮುಳ್ಳು ಇಳೀತಾ ಇತ್ತು. ಮೇಡಂ ಪರದೆ ನೋಡೋದು ಬಿಟ್ಟು ಮುಳ್ಳನ್ನೇ ನೋಡ್ತಿದ್ದರು.

ಆಗ ಅಣುತೂಕ ನೂರೈವತ್ತೆರಡರ ಹತ್ತಿರ ಒಂದು ಗೆರೆ ಎದ್ದಿತು. ತೆಳ್ಳಗೆ, ನೆಟ್ಟಗೆ, ಗಾಳಿಯಿಲ್ಲದ ಕಡೆ ದೀಪ ನಿಂತ ಹಾಗೆ.

"ಇದ್ಯಾರಮ್ಮ ಅತಿಥಿ?" ಅಂದರು ಸಾರ್.

ಮೇಡಂ ಸಂಖ್ಯೆ ನೋಡಿದರು. ನನ್ನ ಜೇಬಿನಿಂದ ಇಣುಕುತ್ತಿದ್ದ ಪೊಟ್ಟಣ ನೋಡಿದರು. ಅವರಿಗೆ ಸುಳ್ಳು ಬರೋದಿಲ್ಲ, ಆ ವಿಭಾಗ ನನ್ನದು.

"ಕರ್ಪೂರ, ಸಾರ್."

ನಾನು ಬೋಲ್ಟು ಎಣಿಸತೊಡಗಿದೆ. ಸಾರ್ ಪರದೆಯ ಹತ್ತಿರ ಬಗ್ಗಿದರು. "ಬಿಸಿ ಮಾಡದೇನೇ ಎದ್ದು ಬಂದು, ಹನಿಯೊಳಗೆ ಕೂತು, ಅಯಾನಾಯ್ತು. ಹಾಗಾದ್ರೆ ಮೆಷೀನ್ ಸರಿಯಾಗಿದೆ. ಇಲ್ಲೇ ಇರಲಿ" ಅಂದರು. ಅಂದವರು, ಅದೇ ಗುಂಗಿನಲ್ಲಿ, ಎರಡೂ ಕೈ ಪರದೆಯ ಕಡೆ ಚಾಚಿ ಕಣ್ಣಿಗೊತ್ತಿಕೊಂಡರು. ಅವರ ಹಿಂದೆ ಮೇಡಂ. ಅವರ ಹಿಂದೆ ಇಡೀ ಶೆಡ್ಡು ಸಾಲಾಗಿ ನಿಂತಿತು.

ಇದರಲ್ಲಿ ಅರ್ಧ ನಿಜ. ಯಾವ ಅರ್ಧ ಅಂತ ಕೇಳಬೇಡಿ. ನೋಡಿ, ಲೋಟ ಖಾಲಿಯಾಯ್ತು. ಈ ಟೀ ಅಂಗಡಿ ಬೆಂಚಿನಲ್ಲಿ ಕೂತಿರೋರೆಲ್ಲ ಹೀಲಿಯಂ, ಸ್ವಾಮಿ. ಹೊಸಬರು ನೀವೊಬ್ಬರೇ. ನನ್ನ ಟೀದೂ ಸೇರಿಸಿ ಕೊಟ್ಬಿಡಿ.