ನಾನೂರು ಮೀಟರ್ ವಿದೇಶ ಪ್ರಯಾಣಕ್ಕೆ ಅನುಮತಿ ಕೋರಿ

ಇಂದ:
ಲಿಯೊಕಾದಿಯಾ ಗ್ರಿಗೆನೆ, ವಯಸ್ಸು ಎಪ್ಪತ್ತಮೂರು,
ನಿವೃತ್ತ ಪೋಸ್ಟ್‌ವುಮನ್,
ಬೇಲಿ ಪಕ್ಕದ ಕೊನೆಯ ಮನೆ, ವರ್ನಕಾಲ್ನಿಸ್ ಗ್ರಾಮ, ಲಿಥುವೇನಿಯಾ.

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ಪ್ರಯಾಣ ಸ್ವಾತಂತ್ರ್ಯ ವಿಭಾಗ,
ಮೂರನೇ ಮಹಡಿ (ಲಿಫ್ಟ್ ಕೆಟ್ಟಿದೆ), ವಿಲ್ನಿಯಸ್.

ದಿನಾಂಕ: ಅಕ್ಟೋಬರ್ 6

ವಿಷಯ: ನವೆಂಬರ್ ಒಂದರಂದು ಗಂಡನ ಸಮಾಧಿಗೆ ದೀಪ ಹಚ್ಚಲು ನಾನೂರು ಮೀಟರ್ ದೂರದ ವಿದೇಶಕ್ಕೆ ನಡೆದು ಹೋಗಿ, ನಡೆದೇ ವಾಪಸಾಗಲು ಅನುಮತಿ ಕೋರಿ.

ಉಲ್ಲೇಖ: 1. ಅರ್ಜಿದಾರಳ ಆಗಸ್ಟ್ ತಿಂಗಳ ಪತ್ರ.
2. ಅದೇ ಪತ್ರದ ಬಗ್ಗೆ ಸೆಪ್ಟೆಂಬರ್‌ನಲ್ಲಿ ಬರೆದ ಜ್ಞಾಪನೆ.
3. ಯಾವುದನ್ನೂ ಓದದೆ ತಾವು ಬರೆದ ಉತ್ತರ.

ಮಾನ್ಯರೇ,

ಉಲ್ಲೇಖ ಮೂರರ ಪತ್ರ ತಲುಪಿದೆ. ಲಿಥುವೇನಿಯಾದ ಪಾಸ್‌ಪೋರ್ಟ್ ಜಗತ್ತಿನ ಬಲಶಾಲಿ ಪಾಸ್‌ಪೋರ್ಟ್‌ಗಳ ಸಾಲಿನಲ್ಲಿದೆ, ಅದನ್ನು ಹಿಡಿದವರು ನೂರೆಪ್ಪತ್ತಕ್ಕೂ ಹೆಚ್ಚು ಕಡೆ ವೀಸಾದ ಗೊಡವೆಯಿಲ್ಲದೆ ಹೋಗಬಹುದು ಎಂದು ಅದರಲ್ಲಿ ತಿಳಿಸಿ, ಒಂದು ಬಣ್ಣದ ಭೂಪಟವನ್ನೂ ಕಳಿಸಿ, ಕೊನೆಗೆ "ಶುಭ ಪ್ರಯಾಣ" ಎಂದು ಹಾರೈಸಿದ್ದೀರಿ. ಭೂಪಟ ಚೆನ್ನಾಗಿದೆ. ಕೋಳಿಗೂಡಿನ ಗೋಡೆಗೆ ಅಂಟಿಸಲಾಗಿದೆ. ಕೋಳಿಗಳು ಇನ್ನೂ ಎಲ್ಲಿಗೂ ಹೊರಟಿಲ್ಲ. ಆದ್ದರಿಂದ ಅರ್ಜಿದಾರಳು ತನ್ನ ಸಂಗತಿಯನ್ನು, ಕಚೇರಿಯವರಿಗೂ ಅರ್ಥವಾಗುವಷ್ಟು ನಿಧಾನವಾಗಿ, ಮತ್ತೊಮ್ಮೆ ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತಾಳೆ.

1. ವರ್ನಕಾಲ್ನಿಸ್ ಹಿಂದೆ ಒಂದೇ ಊರಾಗಿತ್ತು. ಅರ್ಜಿದಾರಳು ಇಪ್ಪತ್ತು ವರ್ಷ ಇಡೀ ಊರಿಗೆ ಸೈಕಲ್ಲಿನ ಮೇಲೆ ಕಾಗದ ಹಂಚಿದ್ದಾಳೆ. ಆಮೇಲೆ ದೊಡ್ಡವರು ಕೂತು ಗಡಿ ಎಳೆದರು. ಹಾಲಿನ ಡೇರಿ ನಮ್ಮ ಕಡೆ ಬಂತು, ಚರ್ಚು ಮತ್ತು ಸ್ಮಶಾನದ ಗುಡ್ಡ ಬೆಲಾರೂಸ್ ಕಡೆ ಹೋಯಿತು. ಬದುಕಿದ್ದವರನ್ನು ಯಾವ ದೇಶ ಬೇಕೆಂದು ಕೇಳಲಾಯಿತು. ಸತ್ತವರನ್ನು ಯಾರೂ ಕೇಳಲಿಲ್ಲ.

2. ಅರ್ಜಿದಾರಳ ಗಂಡ ಯೂಲಿಯೋನಸ್ ಗ್ರಿಗಸ್, ಡೇರಿಯ ನೌಕರ, ಹದಿನಾರು ವರ್ಷದ ಹಿಂದೆ ತೀರಿಕೊಂಡ. ಅಪ್ಪ ಅಮ್ಮನ ಪಕ್ಕದಲ್ಲೇ ಮಲಗಿಸಬೇಕೆಂದು ಹೇಳಿ ಸತ್ತಿದ್ದ. ಮಲಗಿಸಲಾಯಿತು. ಆಗ ಆ ದೇಶಕ್ಕೆ ವೀಸಾ ಬೇಕಿತ್ತು. ಆದರೆ ನವೆಂಬರ್ ಒಂದು, ಎರಡು, ಸತ್ತವರಿಗೆ ದೀಪ ಹಚ್ಚುವ ಆ ಎರಡು ದಿನ ಮಾತ್ರ, ಊರಿನ ಗೇಟು ತೆರೆಯುತ್ತಿತ್ತು. ಪಟ್ಟಿಯಲ್ಲಿ ಹೆಸರಿದ್ದವರು ಸೇವಂತಿಗೆ ಕುಂಡ ಹಿಡಿದು, ಸೈನಿಕರಿಗೆ ನಮಸ್ಕಾರ ಹೇಳಿ, ನಡೆದು ಹೋಗಿ ಬರುತ್ತಿದ್ದರು.

3. ನಾಲ್ಕು ವರ್ಷದ ಹಿಂದೆ ಬೇಲಿ ಬಂತು. ಗೇಟು ಹೋಯಿತು. ಅನಂತರ ಆ ದೇಶ, ಲಿಥುವೇನಿಯಾದವರಿಗೆ ಇನ್ನು ವೀಸಾ ಬೇಡ ಎಂದು ಸಾರಿತು. ಅಂದರೆ ದಾರಿ ಇದ್ದಾಗ ವೀಸಾ ಬೇಕಿತ್ತು, ವೀಸಾ ಬೇಡವಾದಾಗ ಊರಿನಿಂದ ದಾರಿ ಇಲ್ಲ. ಎರಡೂ ಸರಕಾರಗಳು ಒಮ್ಮೆಯೂ ಜೊತೆಗೆ ಕೂತು ಮಾತಾಡದೆ ಇಷ್ಟು ಅಚ್ಚುಕಟ್ಟಾದ ಕೆಲಸ ಹೇಗೆ ಮಾಡಿದವೋ ಅರ್ಜಿದಾರಳಿಗೆ ತಿಳಿಯದು.

4. ಪಾಸ್‌ಪೋರ್ಟ್ ಮಾಡಿಸಿದ್ದು ಅರ್ಜಿದಾರಳ ತಂಗಿಯ ಮಗ ಡೋನಾತಸ್. ಪ್ರವಾಸದ ಟಿಕೆಟ್ ಮಾರುವುದು ಅವನ ವೃತ್ತಿ. ತಂದುಕೊಟ್ಟ ದಿನ ಅಡಿಗೆಮನೆಯಲ್ಲಿ ಕೂತು ಆಲೂಗಡ್ಡೆ ದೋಸೆಯನ್ನು ಮೊಸರಲ್ಲಿ ಅದ್ದಿ ತಿನ್ನುತ್ತ ಅವನು ಭಾಷಣ ಮಾಡಿದ.

"ದೊಡ್ಡಮ್ಮ, ಈ ಪಾಸ್‌ಪೋರ್ಟ್ ಅಂದ್ರೆ ಸುಮ್ನೆ ಅಲ್ಲ. ಬೆಳಿಗ್ಗೆ ಎದ್ದು ಮನಸ್ಸು ಬಂದ್ರೆ ಬ್ರೆಜಿಲ್‌ಗೆ ಹೋಗ್ಬಹುದು."

"ಬೆಳಿಗ್ಗೆ ಎದ್ರೆ ನಂಗೆ ಹಸು ಕರೆಯೋದಿದೆ ಕಣೋ. ಇದ್ರಲ್ಲಿ ಆ ಗುಡ್ಡ ಹತ್ತಕ್ಕೆ ಬಿಡ್ತಾರಾ?"

"ಅದೊಂದು ಗುಡ್ಡ ಬಿಟ್ಟು ಬೇರೆ ಏನಾದ್ರೂ ಕೇಳಿ ದೊಡ್ಡಮ್ಮ."

ಅರ್ಜಿದಾರಳು ಬೇರೆ ಏನೂ ಕೇಳಲಿಲ್ಲ. ಅವನ ತಟ್ಟೆಗೆ ಇನ್ನೊಂದು ದೋಸೆಯನ್ನೂ ಹಾಕಲಿಲ್ಲ.

5. ಈ ನಾಲ್ಕು ವರ್ಷ ಗಂಡನ ಸಮಾಧಿಗೆ ದೀಪ ಹಚ್ಚಿದ್ದು ಅರ್ಜಿದಾರಳ ನಾದಿನಿ ಅಡೆಲೆ. ಆಕೆಯ ಮನೆ ಗುಡ್ಡದ ಬುಡದಲ್ಲಿ, ಬೇಲಿಯ ಆ ಕಡೆ. ನವೆಂಬರ್ ಒಂದರ ಸಂಜೆ ಅರ್ಜಿದಾರಳು ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಗುಡ್ಡ ನೋಡುತ್ತಾಳೆ. ಮೇಲಿನ ಸಾಲಿನಲ್ಲಿ, ಬರ್ಚ್ ಮರದಿಂದ ಎಡಕ್ಕೆ ಮೂರನೆಯ ದೀಪ ಯೂಲಿಯೋನಸ್‌ನದು. ಅದು ಕಂಡ ಮೇಲೆ ಅರ್ಜಿದಾರಳು ಊಟಕ್ಕೆ ಕೂರುತ್ತಾಳೆ. ಆಗಸ್ಟ್‌ನಲ್ಲಿ ಅಡೆಲೆಯ ಫೋನು ಬಂತು.

"ಅತ್ತಿಗೆ, ಈ ಸಲ ನನ್ ಕಾಲು ಗುಡ್ಡ ಹತ್ತಲ್ಲ. ಮಗಳು ಪಟ್ಟಣಕ್ಕೆ ಕರ್ಕೊಂಡು ಹೋಗ್ತಿದಾಳೆ, ಚಳಿ ಮುಗಿಯೋವರ್ಗೂ. ನಮ್ಮಣ್ಣಂಗೆ ದೀಪ ಹಚ್ಚೋರು ಇಲ್ಲಿ ಯಾರೂ ಇಲ್ಲ."

"ನಾನ್ ಬರ್ತೀನಿ ಬಿಡು."

"ಎಲ್ಲಿಂದ ಬರ್ತೀಯ?"

"ಪಾಸ್‌ಪೋರ್ಟ್ ಇದೆಯಲ್ಲ."

ಆ ಕಡೆ ಅಡೆಲೆ ನಕ್ಕಳು. ನಗುತ್ತ ನಗುತ್ತ ಮೂಗು ಒರೆಸಿಕೊಂಡಳು. ಅರ್ಜಿದಾರಳು ಮಾತು ಕೊಟ್ಟಾಗಿತ್ತು.

6. ಈ ಕಾರಣದಿಂದ, ನವೆಂಬರಿನವರೆಗೆ ಯಾವ ದಾರಿ ಉಳಿದೀತೆಂಬ ನಂಬಿಕೆಯಿಲ್ಲದೆ, ಅರ್ಜಿದಾರಳು ಸೆಪ್ಟೆಂಬರ್‌ನಲ್ಲಿ ಎರಡು ಬಸ್ಸು ಬದಲಿಸಿ, ತೊಂಬತ್ತು ಕಿಲೋಮೀಟರ್ ಆಚೆಯ, ಹಿಂದಿನ ದಿನದವರೆಗೂ ತೆರೆದಿದ್ದ ಗಡಿಠಾಣೆಗೆ ಹೋದಳು. ಮಡಿಲಲ್ಲಿ ಸೇವಂತಿಗೆ ಕುಂಡ, ಚೀಲದಲ್ಲಿ ದೀಪ, ಪಾಸ್‌ಪೋರ್ಟ್. ಅಲ್ಲಿ ಸಮವಸ್ತ್ರದ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಳು.

"ಅಜ್ಜಿ, ಇವತ್ತಿಂದ ಗಡಿ ಬಂದ್. ಆ ಕಡೆಯಿಂದ ಬಲೂನು ಬಂದಿವೆ."

"ಬಲೂನು ಬಂದ್ರೆ ಆಕಾಶ ಮುಚ್ಚಿ. ನಾನು ನೆಲದ ಮೇಲೆ ಹೋಗೋಳು."

"ಮೇಲಿಂದ ಆದೇಶ ಅಜ್ಜಿ."

"ಬಲೂನೂ ಮೇಲಿಂದಾನೇ ಬರೋದು."

ಆಕೆಗೆ ನಗು ಬಂತು. ಆದರೂ ಕೈ ತೆಗೆಯಲಿಲ್ಲ.

7. ಬಲೂನಿನ ವಿಚಾರ ತಮಗೆ ಗೊತ್ತಿದ್ದದ್ದೇ. ಕಳ್ಳ ಸಿಗರೇಟು ಕಟ್ಟಿ ಆ ಕಡೆಯಿಂದ ಹಾರಿಬಿಡುತ್ತಾರೆ. ಅದರಲ್ಲೊಂದು ಅರ್ಜಿದಾರಳ ಎಲೆಕೋಸಿನ ಪಾತಿಗೆ ಬಿದ್ದಿತ್ತು. ಇಪ್ಪತ್ತು ನಿಮಿಷದಲ್ಲಿ ಮೂರು ಜೀಪು, ಒಂದು ನಾಯಿ ಬಂದವು. ಸಿಗರೇಟನ್ನು ಸಾಲಾಗಿ ಜೋಡಿಸಿ ಫೋಟೋ ತೆಗೆದರು, ಕೋಸನ್ನು ತುಳಿದರು. ಅರ್ಜಿದಾರಳು ಸಾಹೇಬರನ್ನು, "ಇದನ್ನ ತಂದ ಗಾಳಿ ವಾಪಸ್ ಯಾವಾಗ ಬೀಸತ್ತೆ?" ಎಂದು ಕೇಳಿದ್ದಕ್ಕೆ ಆಕೆಯ ಹೆಸರು, ವಯಸ್ಸು ಬರೆದುಕೊಂಡರು. ಆಕೆಯ ಯಾವ ಅರ್ಜಿಗೂ ಇಷ್ಟು ಬೇಗ ಕ್ರಮ ಆಗಿಲ್ಲ.

8. ಸಿಗರೇಟಿಗೆ ವೀಸಾ ಬೇಡ, ಆದಕಾರಣ ಅದು ಬರುತ್ತದೆ. ಅದು ಬರುವ ಕಾರಣ ಗಡಿ ಮುಚ್ಚುತ್ತದೆ. ಗಡಿ ಮುಚ್ಚಿದ ಕಾರಣ, ಜನ್ಮದಲ್ಲಿ ಒಂದೂ ಸಿಗರೇಟು ಸೇದದ ಅರ್ಜಿದಾರಳು ಮನೆಯಲ್ಲೇ ಕೂರತಕ್ಕದ್ದು. ಆದ್ದರಿಂದ ಎಲ್ಲವೂ ಕ್ರಮಬದ್ಧವಾಗಿದೆ.

9. ಇಷ್ಟಾದರೂ ಬುದ್ಧಿ ಬಾರದ ಅರ್ಜಿದಾರಳು ತಮ್ಮ ಕಚೇರಿಯ ಮೂರು ಮಹಡಿ ಹತ್ತಿದಳು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರ್ ನೋಡುತ್ತಲೇ ಕೇಳಿದಳು.

"ಪ್ರಯಾಣದ ಉದ್ದೇಶ?"

"ಗಂಡನ ಸಮಾಧಿಗೆ ದೀಪ."

"ಅದು ಪಟ್ಟಿಯಲ್ಲಿ ಇಲ್ಲ ಅಮ್ಮ. ವಿಹಾರ, ವ್ಯಾಪಾರ, ವಿದ್ಯಾಭ್ಯಾಸ, ಬಂಧುಗಳ ಭೇಟಿ. ಯಾವುದು ಹಾಕ್ಲಿ?"

"ಬಂಧು ಹಾಕಿ."

"ಅವರ ಆಹ್ವಾನ ಪತ್ರ ಬೇಕಾಗತ್ತೆ."

"ಅವನು ಬದುಕಿದ್ದಾಗ್ಲೇ ಒಂದು ಸಾಲು ಬರೆದೋನಲ್ಲ."

"ಹಂಗಾದ್ರೆ ವಿಹಾರ ಅಂತ ಹಾಕಿ, ಜಪಾನ್‌ಗೆ ಹೋಗ್ಬನ್ನಿ ಅಮ್ಮ. ನಮಗೆ ವೀಸಾನೇ ಬೇಡ. ತುಂಬಾ ಚೆನ್ನಾಗಿದೆಯಂತೆ."

"ಇರಬಹುದು. ನನ್ ಗಂಡ ಅಲ್ಲಿಲ್ಲ."

ಆ ಹೆಣ್ಣುಮಗಳ ಮೇಲೆ ಅರ್ಜಿದಾರಳಿಗೆ ಸಿಟ್ಟಿಲ್ಲ. ಆಕೆ ಪಾಪ, ಒಂದು ಲೋಟ ನೀರು ಕೊಟ್ಟಳು. ಇಡೀ ಕಚೇರಿಯಿಂದ ಅರ್ಜಿದಾರಳಿಗೆ ಮಂಜೂರಾದದ್ದು ಅದೊಂದೇ. ಮೆಟ್ಟಿಲಿಳಿಯುವಾಗ ಗೋಡೆಯ ಮೇಲೆ "ಜಗತ್ತು ನಿಮಗೆ ತೆರೆದಿದೆ" ಎಂಬ ಚಿತ್ರವಿತ್ತು, ಅದರಲ್ಲಿ ಒಬ್ಬಳು ಟೋಪಿ ಹಾಕಿಕೊಂಡು ಸಮುದ್ರ ನೋಡುತ್ತಿದ್ದಳು. ಅದರ ಕೆಳಗೆ ನಿಂತು ಅರ್ಜಿದಾರಳು ಅತ್ತಳು. ಅಳು ಕಡತಕ್ಕೆ ಸಂಬಂಧಿಸಿದ್ದಲ್ಲ, ಬೇಕಾದರೆ ಈ ವಾಕ್ಯವನ್ನು ಹೊಡೆದುಹಾಕಬಹುದು.

10. ಈವರೆಗೆ ನಾಚಿಕೆಯಿಂದ ತಿಳಿಸದೆ ಉಳಿದ ಒಂದು ಸಂಗತಿ ಇದೆ. ಯೂಲಿಯೋನಸ್‌ಗೆ ಕಲ್ಲು ಹಾಕಿಸಿದಾಗ, ನಮ್ಮವರು ಮಾಡುವಂತೆ, ಅರ್ಜಿದಾರಳೂ ಅದೇ ಕಲ್ಲಿನಲ್ಲಿ ತನ್ನ ಹೆಸರನ್ನು ಕೆತ್ತಿಸಿದಳು. ಹೆಸರು, ಹುಟ್ಟಿದ ವರ್ಷ, ಒಂದು ಗೀಟು, ಅದರ ಮುಂದೆ ಖಾಲಿ ಜಾಗ. ಕಲ್ಲುಕುಟಿಗ ಆಗಲೇ, "ನೋಡಿ ತಾಯಿ, ಗಡಿ ಪಕ್ಕದ ಊರು, ಇನ್ನೊಂದ್ಸಲ ಯೋಚ್ನೆ ಮಾಡಿ" ಎಂದಿದ್ದ. "ನಾನೂರು ಮೀಟರಿಗೆ ಏನಪ್ಪ ಯೋಚ್ನೆ?" ಎಂದು ಅರ್ಜಿದಾರಳು ಅವನ ಬಾಯಿ ಮುಚ್ಚಿಸಿದ್ದಳು. ತಪ್ಪು ಆಕೆಯದೇ. ಬದುಕಿರುವ ವಿಳಾಸ ಒಂದು ದೇಶದಲ್ಲಿ, ಸಾಯುವ ವಿಳಾಸ ಇನ್ನೊಂದರಲ್ಲಿ ಇಟ್ಟುಕೊಳ್ಳಬಾರದೆಂದು ಇಪ್ಪತ್ತು ವರ್ಷ ಕಾಗದ ಹಂಚಿದವಳಿಗಾದರೂ ಹೊಳೆಯಬೇಕಿತ್ತು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಅರ್ಜಿದಾರಳು ತಮ್ಮಲ್ಲಿ ಕೋರುವುದೇನೆಂದರೆ:

(ಅ) ನವೆಂಬರ್ ಒಂದರಂದು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಅರ್ಜಿದಾರಳ ಮನೆಯ ಹಿಂದೆ ಬೇಲಿಯನ್ನು ಒಬ್ಬ ಹೆಂಗಸು ಮತ್ತು ಒಂದು ಹೂಕುಂಡ ದಾಟುವಷ್ಟು ತೆರೆಯುವುದು. ಅದಕ್ಕೆ ಪ್ರತಿಯಾಗಿ ಆಕೆಯ ಪಾಲಿನ ಬ್ರೆಜಿಲ್, ಜಪಾನ್ ಹಾಗೂ ಉಳಿದ ದೇಶಗಳನ್ನು ತಾವು ವಾಪಸು ಪಡೆಯಬಹುದು.

(ಆ) ಅದು ಆಗದಿದ್ದಲ್ಲಿ, ಅರ್ಜಿದಾರಳು ಸತ್ತ ಮೇಲೆ ಆ ಕಲ್ಲಿನ ಕೆಳಗೆ ಹೋಗಲು ಯಾವ ನಮೂನೆ ತುಂಬಬೇಕೆಂದು ಲಿಖಿತವಾಗಿ ತಿಳಿಸುವುದು. ವಾಸದ ಅವಧಿ: ಕಾಯಂ. ವಾಪಸ್ ಟಿಕೆಟ್: ಇಲ್ಲ. ಆಹ್ವಾನಿಸುವವರು: ಮೇಲೆ ಹೇಳಿದ ಗಂಡನೇ. ಪಾಸ್‌ಪೋರ್ಟ್ ಇನ್ನು ಆರು ವರ್ಷ ಊರ್ಜಿತದಲ್ಲಿದೆ. ಅಷ್ಟರೊಳಗೆ ಸಾಯಲು ಅರ್ಜಿದಾರಳು ತನ್ನ ಕಡೆಯಿಂದ ಪ್ರಯತ್ನಿಸುವಳು. ತಾವೂ ಅಷ್ಟರೊಳಗೆ ಉತ್ತರಿಸಲು ಪ್ರಯತ್ನಿಸಬೇಕು.

ತಮ್ಮ ಮೇಲಿನ ವಿಶ್ವಾಸ ಹೋದರೂ ಅರ್ಜಿ ಬರೆಯುವ ಚಟ ಹೋಗದ,
ಲಿಯೊಕಾದಿಯಾ ಗ್ರಿಗೆನೆ

ಅಡಕಗಳು:
1. ಪಾಸ್‌ಪೋರ್ಟಿನ ಎಲ್ಲ ಪುಟಗಳ ನಕಲು. ಎಲ್ಲವೂ ಖಾಲಿ.
2. ಅಡಿಗೆಮನೆಯ ಕಿಟಕಿಯಿಂದ ತೆಗೆದ ವಿದೇಶದ ಫೋಟೋ, ಒಂದು.
3. ಕೆಂಪು ಗಾಜಿನ ಸಮಾಧಿ ದೀಪ, ಒಂದು. ಮೂರು ದಿನ ಉರಿಯುತ್ತದೆ.

ವಿಶೇಷ ಸೂಚನೆ: ಮೂರನೇ ಅಡಕವನ್ನು ದಯವಿಟ್ಟು ಕಡತದಲ್ಲಿ ಇಡಬೇಡಿ. ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಗಡಿ ಮುಚ್ಚಿದ್ದರೂ ಆ ಕಡೆಯ ಸಾಹೇಬರ ಜೊತೆ ಮಾತುಕತೆಗೆ ತಮ್ಮ ಸಾಹೇಬರ ಕಾರು ಹೋಗಿ ಬರುತ್ತದೆಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ಅರ್ಜಿದಾರಳನ್ನು ಕಳಿಸಲಾಗದಿದ್ದರೆ ಆ ಕಾರಿನಲ್ಲಿ ದೀಪವನ್ನಾದರೂ ಕಳಿಸಿ. ಸಮಾಧಿ ಹುಡುಕುವುದು ಕಷ್ಟವಲ್ಲ. ಕಲ್ಲಿನ ಮೇಲೆ ಅರ್ಜಿದಾರಳ ಹೆಸರಿದೆ.