ಗಡಿಯಾರದ ಬದಲು ಅಕ್ಕನ ಪದ್ಯವನ್ನು ಬಳಸುವ ಕುರಿತು

ಔಷಧ ವಿಶ್ಲೇಷಣಾ ವಿಭಾಗ
ಸುತ್ತೋಲೆ ಸಂಖ್ಯೆ: ಔವಿವಿ/ಪದ್ಯ/17 (ಹಿಂದಿನ ಹದಿನಾರನ್ನು ಹುಡುಕಲಾಗುತ್ತಿದೆ)

ವಿಷಯ: ಎಂಆರ್‌ಎನ್‌ಎ ಔಷಧಿಯ ಎಳೆ ಪರೀಕ್ಷೆಯಲ್ಲಿ ಎರಡು ನಿಮಿಷ ಅಳೆಯುವ ವಿಧಾನ.

ಉಲ್ಲೇಖ: 1. ಮಕ್ಕಳ ವಾರ್ಡಿನ ಮೂರು ನೆನಪೋಲೆಗಳು.
2. ಮಗುವಿನ ತಾಯಿ ಸೋಮವಾರದಿಂದ ನಮ್ಮ ಸ್ವಾಗತ ಕೊಠಡಿಯಲ್ಲಿ ಕುಳಿತಿರುವುದು.

ಒಂಬತ್ತು ತಿಂಗಳ ಮಗುವೊಂದಕ್ಕೆಂದೇ ತಯಾರಾದ ಔಷಧಿಯು, ಇಬ್ಬರು ವಿಶ್ಲೇಷಕರ ಫಲಿತಾಂಶ ತಾಳೆಯಾಗದೆ ಫ್ರೀಜರ್‌ನಲ್ಲೇ ಉಳಿದಿತ್ತು. ಎಲ್ಲರೂ ಅಕ್ಕ ಎಂದು ಕರೆಯುವ ಹಿರಿಯ ವಿಶ್ಲೇಷಕಿ ಪರೀಕ್ಷಿಸಿದಾಗ ಔಷಧಿಯ ಎಂಆರ್‌ಎನ್‌ಎ ಎಳೆಗಳು (ಇಡಿಯಾಗಿದ್ದರಷ್ಟೇ ಔಷಧಿ ಕೆಲಸ ಮಾಡುತ್ತದೆ) ಇಡಿಯಾಗಿದ್ದು, ಕಿರಿಯ ವಿಶ್ಲೇಷಕರು ಪರೀಕ್ಷಿಸಿದಾಗ ಚೂರುಚೂರಾಗಿದ್ದವು. ಔಷಧಿಯ ಮಾದರಿಯಿರುವ ಕೊಳವೆಯನ್ನು ಎರಡು ನಿಮಿಷ ಬಿಸಿಗೆ ಇಡುವಾಗ ಕಿರಿಯರು ಗಡಿಯಾರದ ಗುಂಡಿ ಒತ್ತಿ, ಅದೇ ಕೈಗವಸಿನಲ್ಲಿ ಮುಚ್ಚಳ ತೆರೆಯುತ್ತಾರೆಂದೂ, ಗುಂಡಿಯ ಮೇಲಿನ ಹತ್ತಾರು ಬೆರಳುಗಳ ಬೆವರು ಎಳೆಗಳನ್ನು ಕತ್ತರಿಸುತ್ತದೆಂದೂ ತನಿಖೆಯಿಂದ ತಿಳಿದುಬಂದಿದೆ. ಅಕ್ಕನ ಹೇಳಿಕೆ ಯಥಾವತ್ತಾಗಿ: “ನಾನು ಗಡಿಯಾರ ಯಾಕಪ್ಪ ಮುಟ್ಟಲಿ? ಅಜ್ಜಿ ಕಲಿಸಿದ ಪದ್ಯ ಮನಸ್ಸಲ್ಲೇ ಹೇಳ್ಕೋತೀನಿ. ಅದು ಮುಗೀತು ಅಂದ್ರೆ ಎರಡು ನಿಮಿಷ.”

ಗಡಿಯಾರವನ್ನು ಒರೆಸಿದರೆ ಸಾಕೆಂದು ಸ್ವಚ್ಛತಾ ಸಿಬ್ಬಂದಿ ಸೂಚಿಸಿದ್ದು, ಸಲಹೆಯು ತೀರಾ ಸುಲಭವಾಗಿರುವುದರಿಂದ ಕೈಬಿಡಲಾಗಿದೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಸದರಿ ಪದ್ಯವನ್ನು ಎಲ್ಲ ವಿಶ್ಲೇಷಕರೂ ಗುರುವಾರದೊಳಗೆ ಬಾಯಿಪಾಠ ಮಾಡತಕ್ಕದ್ದು. ಎಂಜಲು ಕೂಡ ಎಳೆಗಳಿಗೆ ಆಗದಿರುವುದರಿಂದ, ಬಾಯಿಪಾಠವನ್ನು ಬಾಯಿ ತೆರೆಯದೆ ಒಪ್ಪಿಸತಕ್ಕದ್ದು.

2. ರಾಗ ಎಳೆಯತಕ್ಕದ್ದಲ್ಲ, ಔಷಧಿ ಬೆಂದುಹೋಗುತ್ತದೆ. ಮೆಚ್ಚಿದ ಸಾಲನ್ನು ಎರಡು ಸಲ ಹೇಳಿಕೊಳ್ಳುವ ಚಟವುಳ್ಳವರು ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು.

3. ಸಾಲು ಮರೆತವರು ಕೊಳವೆಯನ್ನು ಬಿಸಾಡತಕ್ಕದ್ದು. ಸ್ವಂತ ಸಾಲು ಕಟ್ಟಿ ಸೇರಿಸಿದಲ್ಲಿ ಶಿಸ್ತುಕ್ರಮ. ಸಾಲು ಚೆನ್ನಾಗಿದ್ದಲ್ಲಿ ಹೆಚ್ಚಿನ ಶಿಸ್ತುಕ್ರಮ.

4. ಪದ್ಯದಲ್ಲಿ ತಾಯಿ ಮಗುವನ್ನು ಎತ್ತಿಕೊಳ್ಳುವ ಸಾಲಿಗೆ ಕಣ್ಣು ತುಂಬಿದವರು, ಕಣ್ಣೀರು ಕೊಳವೆಯ ಮೇಲೆ ಬೀಳದಂತೆ ಎಡಕ್ಕೆ ತಿರುಗತಕ್ಕದ್ದು. ಪಕ್ಕದವರಿಗೂ ತುಂಬಿದಲ್ಲಿ ಸೇವಾ ಹಿರಿತನದ ಮೇರೆಗೆ ಅಳತಕ್ಕದ್ದು.

5. ಪದ್ಯದ ಉದ್ದವನ್ನು ವರ್ಷಕ್ಕೊಮ್ಮೆ ಅದೇ ಗಡಿಯಾರದಿಂದ ಪರಿಶೀಲಿಸಲಾಗುವುದು. ಆಗ ಗಡಿಯಾರವನ್ನು ಯಾರೂ ಮುಟ್ಟತಕ್ಕದ್ದಲ್ಲ.

6. ಪದ್ಯವೆಂದರೆ ಮಾರು ದೂರ ಓಡುತ್ತಿದ್ದ ಕಿರಿಯ ವಿಶ್ಲೇಷಕರು ನಿನ್ನೆ ಮಧ್ಯಾಹ್ನವೆಲ್ಲ ಅಕ್ಕನ ಎದುರು ಕುಳಿತು ಕಲಿತು, ಇಂದು ಬೆಳಿಗ್ಗೆ ಪರೀಕ್ಷೆ ಮಾಡಿರುತ್ತಾರೆ. ಎಳೆಗಳು ಇಡಿಯಾಗಿವೆ, ಫಲಿತಾಂಶ ತಾಳೆಯಾಗಿದೆ. ಪದ್ಯದ ಆ ಮಗು ಮುಂದಿನ ಪದ್ಯದಲ್ಲಿ ಏನಾಗುತ್ತದೆಂದು ಅವರು ಲಿಖಿತವಾಗಿ ವಿಚಾರಿಸಿದ್ದು, ಅದು ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ.

(ಸಹಿ ಇದೆ, ಓದಲು ಬರುವುದಿಲ್ಲ)
ವಿಭಾಗದ ಮುಖ್ಯಸ್ಥರು

ಪ್ರತಿಗಳು:
1. ಎಲ್ಲ ವಿಶ್ಲೇಷಕರಿಗೆ, ಮನಸ್ಸಿನಲ್ಲೇ ಓದಿಕೊಳ್ಳಲು.
2. ಗಡಿಯಾರದ ಪಕ್ಕದ ಗೋಡೆಗೆ.
3. ಕಚೇರಿ ಕಡತಕ್ಕೆ, ಕಡತ ಸಿಕ್ಕಿದಲ್ಲಿ.
4. ಸ್ವಾಗತ ಕೊಠಡಿಯಲ್ಲಿರುವ ತಾಯಿಯವರಿಗೆ. ಇದನ್ನು ಓದುತ್ತ ಕೂರುವ ಅಗತ್ಯವಿಲ್ಲ. ಔಷಧಿ ಹತ್ತು ಗಂಟೆಗೆ ವಾರ್ಡಿಗೆ ಹೊರಡುತ್ತದೆ. ವ್ಯಾನಿನ ಮುಂದಿನ ಸೀಟು ಖಾಲಿ ಇದೆ.