ಕೆಸರು ಸ್ನಾನಕ್ಕೆ ಒಂದೇ ಜಾಗ

ರೊಮುವಾಲ್ಡ್‌ಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಮೊಣಕಾಲಿನಿಂದ. ಅದೂ ಅವನದಲ್ಲ, ಪಕ್ಕದ ಮನೆಯ ಲುದ್ವಿಕ್‌ನದು.

ಮುದುಕರ ಆಸ್ಪತ್ರೆ ಖರ್ಚು ತಗ್ಗಲಿ ಎಂದು ನಗರಸಭೆಯವರು ಪ್ರತಿ ಮಂಗಳವಾರ ಬೆಳಿಗ್ಗೆ ಕ್ಲಿನಿಕ್ಕಿನ ಅಂಗಳದಲ್ಲಿ ಪುಕ್ಕಟೆ ವ್ಯಾಯಾಮ ಮಾಡಿಸುತ್ತಿದ್ದರು. ಅವತ್ತು ಲುದ್ವಿಕ್ ಕಾಲೆತ್ತಿದ್ದನ್ನು ನೋಡಿ ಮೂರನೇ ಮಹಡಿಯ ವಿಧವೆ ಬೊಜೆನಾ, "ಎಪ್ಪತ್ನಾಲ್ಕಾದ್ರೂ ಎಷ್ಟು ಮೇಲಕ್ಕೆ ಎತ್ತುತ್ತೀರಿ" ಎಂದುಬಿಟ್ಟಳು.

ಬೊಜೆನಾಗೆ ಎರಡು ವರ್ಷ ಕಾದ ಮೇಲೆ ಸರ್ಕಾರಿ ಖರ್ಚಿನಲ್ಲಿ ಸಾನಟೋರಿಯಂ ಎಂಬ ಆರೋಗ್ಯಧಾಮದಲ್ಲಿ ಮೂರು ವಾರದ ವಾಸ ಮಂಜೂರಾಗಿತ್ತು. ಬೆಳಿಗ್ಗೆ ಕೆಸರು ಸ್ನಾನ, ಸಂಜೆಯಾದರೆ ಡಾನ್ಸು. ಕೀಲುನೋವು ಕಳೆಯಲು ಹೋಗಿ ಮದುವೆಯಾಗಿ ಬಂದವರು ಪೋಲೆಂಡಿನಲ್ಲಿ ಲೆಕ್ಕವಿಲ್ಲ, ನಮ್ಮ ಬೀದಿಯಲ್ಲೇ ಮೂರು ಜೋಡಿ ಇದ್ದಾರೆ. ಅದೇ ತಂಡದಲ್ಲಿ ಯಾರೋ ಬಿಟ್ಟುಕೊಟ್ಟ ಒಂದು ಜಾಗ ಉಳಿದಿತ್ತು. ಹೆಂಡತಿಯಿಲ್ಲದ ರೊಮುವಾಲ್ಡ್, ಲುದ್ವಿಕ್ ಇಬ್ಬರ ಅರ್ಜಿಯೂ ಡಾಕ್ಟರ ಮೇಜಿನ ಮೇಲಿತ್ತು. ಅವತ್ತೇ ಮಧ್ಯಾಹ್ನ ತೀರ್ಮಾನ.

"ಅಷ್ಟೇನಾ ಲುದ್ವಿಕ್ ಅವ್ರೇ?" ಎಂದು ರೊಮುವಾಲ್ಡ್ ಬಸ್ಕಿ ಹೊಡೆಯತೊಡಗಿದ.

"ನಿಮ್ಮಷ್ಟು ಕಸುವು ನನಗೆಲ್ಲಿ ಬರ್ಬೇಕು," ಎಂದು ಲುದ್ವಿಕ್ ಬೆಂಚಿನ ಮೇಲೆ ಕುಕ್ಕರಿಸಿದ. "ಒಂದ್ಸಲ ಎತ್ತಿದ್ದಕ್ಕೇ ಹಿಡ್ಕೊಂಡ್ಬಿಡ್ತು."

ಬೊಜೆನಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಅವನ ಕೈಗಿತ್ತಳು. ರೊಮುವಾಲ್ಡ್ ಬಸ್ಕಿಯ ವೇಗ ಹೆಚ್ಚಿಸಿದ. ಇಪ್ಪತ್ತು, ಮೂವತ್ತು, ನಲವತ್ತು. ಅವಳು ಈ ಕಡೆ ತಿರುಗಿಯೂ ನೋಡಲಿಲ್ಲ.

"ನಿಲ್ಸಿ ಮಾರಾಯ್ರೇ, ಎದೆ ಒಡ್ಕೊಂಡು ಸಾಯ್ತೀರ," ಎಂದಳು ಕೆಳಮನೆಯ ತೆರೇಸಾ.

"ಬಿಡಮ್ಮ, ಅವ್ರು ಇನ್ನೂ ಹುಡುಗ್ರು," ಲುದ್ವಿಕ್ ಚಹಾ ಹೀರುತ್ತಾ ಅಂದ. "ಅಂಗಳ ಒಂದು ಸುತ್ತು ಓಡಿಯೂ ಓಡ್ತಾರೆ."

ರೊಮುವಾಲ್ಡ್ ಎರಡು ಸುತ್ತು ಓಡಿದ.

ಮಧ್ಯಾಹ್ನ ಡಾಕ್ಟರಮ್ಮ ಅವನ ಅರ್ಜಿಯನ್ನು ಗಟ್ಟಿಯಾಗಿ ಓದಿದಳು. "ಮೊಣಕಾಲು ಬಗ್ಗುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು." ಕನ್ನಡಕ ತೆಗೆದಳು. "ಅರವತ್ತೆರಡು ಬಸ್ಕಿ. ಕಿಟಕಿಯಿಂದ ನಾನೇ ಎಣಿಸ್ದೆ."

"ನಿಜವಾಗ್ಲೂ ನೋವಿದೆ ಡಾಕ್ಟರಮ್ಮ. ಈಗಂತೂ ಕೂತ್ರೆ ಏಳಕ್ಕಾಗ್ತಿಲ್ಲ."

"ಅಷ್ಟು ಹೊಡೆದ್ರೆ ಇನ್ನೇನಾಗುತ್ತೆ? ನಾಳೆ ಮತ್ತೆ ಹೊಡೀರಿ, ಬಿಟ್ಟು ಹೋಗುತ್ತೆ. ಸಾನಟೋರಿಯಂ ಇರೋದು ಕಾಯಿಲೆಯವ್ರಿಗೆ. ಸರ್ಕಾರದ ದುಡ್ಡು ಉಳಿಸೋದು ನಿಮ್ಮಂಥೋರೇ. ನಗರಸಭೆಗೆ ಮಾದರಿ ಅಂತ ನಿಮ್ಮ ಹೆಸರು ಬರೀತೀನಿ."

ಗೋಡೆ ಹಿಡಿದುಕೊಂಡು ಹೊರಗೆ ಬಂದರೆ ಲುದ್ವಿಕ್ ಮಂಜೂರಾತಿ ಚೀಟಿ ಹಿಡಿದು ನಿಂತಿದ್ದ. ಅವನ ಇನ್ನೊಂದು ತೋಳು ಬೊಜೆನಾಳ ಕೈಯಲ್ಲಿತ್ತು. ಅಷ್ಟು ಹೊತ್ತಿಗೆ ರೊಮುವಾಲ್ಡ್‌ಗೆ ಮೊಣಕಾಲಿಗಿಂತ ಎದೆಯೇ ಹೆಚ್ಚು ನೋಯುತ್ತಿತ್ತು.

"ಡಾಕ್ಟರು ಕಿಟಕೀಲಿ ನಿಂತಿದ್ದು ನಿಮಗೆ ಕಾಣಿಸ್ಲೇ ಇಲ್ವಾ?" ಲುದ್ವಿಕ್ ಮೆಲ್ಲಗೆ ಕೇಳಿದ.

ಬೊಜೆನಾ ಇಡೀ ದಿನದಲ್ಲಿ ಮೊದಲ ಸಲ ರೊಮುವಾಲ್ಡ್‌ನ ಮುಖ ನೋಡಿ ನಕ್ಕಳು.

"ನಾಡಿದ್ದು ಬೆಳಿಗ್ಗೆ ರೈಲು. ಪಾಪ, ಇವ್ರ ಕಾಲು ಹೀಗಿದೆ. ನೀವು ಗಟ್ಟಿಮುಟ್ಟಾಗಿದ್ದೀರಲ್ಲ, ನಮ್ಮಿಬ್ಬರ ಸೂಟ್‌ಕೇಸು ಸ್ಟೇಷನ್ನಿಗೆ ಹೊತ್ಕೊಂಡು ಬರ್ತೀರಾ? ನಂದು ಸ್ವಲ್ಪ ಭಾರ ಇರುತ್ತೆ. ಡಾನ್ಸಿಗೆ ಅಂತ ನಾಲ್ಕು ಜೊತೆ ಬಟ್ಟೆ ಹೊಲಿಸಿದ್ದೀನಿ."